ಕೇಳುವ ಕಿವಿ, ನಂಬುವ ಮನಸ್ಸು

೧

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ಕನ್ನಡದ ಒಂದು ಹಳೆಯ ಗಾದೆ. ಕಣ್ಣಿನ ವಿಷಯದಲ್ಲಿ ಈ ಎಚ್ಚರಿಕೆಯನ್ನು ಜನರು ಬಹುಮಟ್ಟಿಗೆ ಒಪ್ಪಿದ್ದಾರೆ. ಮಸಕು ಬೆಳಕಿನಲ್ಲಿ ಹಗ್ಗವು ಹಾವಾಗಿ ತೋರುವುದೆಂದೂ, ಬಿಸಿಲು ನೀರಾಗಿ ತೋರುವುದೆಂದೂ ಎಲ್ಲರೂ ಬಲ್ಲರು. ಆದರೆ ಕಿವಿಯ ವಿಷಯದಲ್ಲಿ ಮನುಷ್ಯನಿಗೆ ಅಷ್ಟು ಸಂಶಯವಿಲ್ಲ. ಕಿವಿಯಾರೆ ಕೇಳಿದೆನೆಂದು ಹೇಳುವವನಿಗೆ ಎದುರಾಡುವುದೆಂದರೆ ಅವನ ಸತ್ಯಸಂಧತೆಯನ್ನೇ ಶಂಕಿಸಿದಂತೆ ಎಂಬ ಭಾವನೆಯುಂಟು. ಕೇಳಿದ್ದು ನಿಜವಾಗಿಯೂ ಕೇಳಿದ್ದೆ, ಇಲ್ಲವೆ ಕೇಳಬೇಕೆಂದು ಬಯಸಿದ್ದೆ, ಎಂಬ ಪ್ರಶ್ನೆಯನ್ನು ಒಬ್ಬನು ತನಗೆ ತಾನೇ ಹಾಕಿಕೊಳ್ಳಬೇಕಾದ ಸಂದರ್ಭಗಳು ಇಂದಿನ ಗೃಹಜೀವನದಲ್ಲಿ ಅನೇಕವಾಗಿವೆ. ಅವುಗಳಲ್ಲೊಂದು, ಮೇಲುನೋಟಕ್ಕೆ ಅತ್ಯಲ್ಪವಾದುದು, ಲ್ಯಾಪ್‌ಟಾಪಿನಿಂದ ಸಂಗೀತವನ್ನು ಕೇಳುವುದಕ್ಕಾಗಿ ಹೆಡ್‌ಫೋನನ್ನೂ ಆಂಪ್ಲಿಫೈಯರನ್ನೂ ಆರಿಸಿಕೊಳ್ಳುವ ಪ್ರಸಂಗ.

ಇದರಲ್ಲಿ ತತ್ತ್ವವಿಚಾರಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಅಂಗಡಿಯ ವಿಷಯ, ಹಣವಿದ್ದವನು ಕೊಳ್ಳುತ್ತಾನೆ, ಇಲ್ಲದವನು ಬಿಡುತ್ತಾನೆ, ಅಷ್ಟೇ ಎನ್ನಬಹುದು. ಆದರೆ ಅಲ್ಪವಾದ ವಸ್ತುಗಳ ಆಯ್ಕೆಯಲ್ಲಿಯೇ ಮನುಷ್ಯನ ಸ್ವಭಾವವು ಹೆಚ್ಚು ಸ್ಪಷ್ಟವಾಗಿ ಹೊರಬೀಳುತ್ತದೆ. ಮಹಾಸಂಕಟದಲ್ಲಿ ಸತ್ಯವನ್ನು ನುಡಿಯುವುದು ಕಷ್ಟವೆಂಬುದು ಎಲ್ಲರಿಗೂ ಗೊತ್ತು. ತನ್ನ ಸಂತೋಷದ ವಿಷಯದಲ್ಲಿ ತನಗೆ ತಾನೇ ಸತ್ಯವನ್ನು ನುಡಿದುಕೊಳ್ಳುವುದು ಅದಕ್ಕಿಂತ ಸುಲಭವೇನೂ ಅಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಗೌತಮನ ನ್ಯಾಯಸೂತ್ರವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ಹೆಡ್‌ಫೋನನ್ನು ಕೊಳ್ಳಹೊರಟವನಿಗೆ ಇವುಗಳಲ್ಲಿ ಮೂರು ಎದುರಾಗುತ್ತವೆ. ತನ್ನ ಕಿವಿಗೆ ಕೇಳಿಸಿದುದು ಪ್ರತ್ಯಕ್ಷ. ಅಳತೆ ಲೆಕ್ಕಗಳಿಂದ ತಿಳಿಯುವುದು ಅನುಮಾನ. ಹಿಂದೆ ಕೊಂಡು ಕೇಳಿದವರು ಹೇಳುವ ಮಾತು ಶಬ್ದ. ಈ ಮೂರೂ ಒಂದೇ ಕಡೆಗೆ ಕೈತೋರಿದರೆ ತೊಂದರೆಯಿಲ್ಲ. ತೋರದಿದ್ದಾಗ ಯಾವುದನ್ನು ನಂಬಬೇಕು, ನಂಬಿದಮೇಲೆ ಪರರಿಗೆ ಏನನ್ನು ಹೇಳಬೇಕು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

೨

ವಿಚಾರಕ್ಕೆ ಅನುಕೂಲವಾಗಲೆಂದು ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಅವನು ಪಾಠಶಾಲೆಯ ಸೇವೆಯಿಂದ ನಿವೃತ್ತನಾದವನು. ಮನೆ ಚಿಕ್ಕದು. ಸಂಜೆಯ ಹೊತ್ತು ಮಗಳು ಓದುತ್ತಿರುತ್ತಾಳೆ, ಹೆಂಡತಿ ಮನೆಗೆಲಸದಲ್ಲಿರುತ್ತಾಳೆ. ಅವನಿಗೆ ಮಲ್ಲಿಕಾರ್ಜುನ ಮನಸೂರರ ಗಾಯನದಲ್ಲಿ ಅಪಾರವಾದ ಪ್ರೀತಿ. ೧೯೯೨ರಲ್ಲಿ ಆ ಕಂಠವು ನಿಂತಿತಾದರೂ ಅದರ ಧ್ವನಿಮುದ್ರಣಗಳು ಲ್ಯಾಪ್‌ಟಾಪಿನೊಳಗೆ ಸಿಕ್ಕುತ್ತವೆ. ಲ್ಯಾಪ್‌ಟಾಪಿನ ಸ್ವಂತ ಸ್ಪೀಕರು ಬಡಕಲು. ಅದರಲ್ಲಿ ತಂಬೂರಿಯ ಖರಜವು ಕೇಳಿಸುವುದೇ ಇಲ್ಲ. ಆದಕಾರಣ ಅವನು ಒಂದು ಒಳ್ಳೆಯ ಹೆಡ್‌ಫೋನನ್ನು ಕೊಂಡನು. ಕೊಂಡ ಕೆಲವು ದಿನಗಳಲ್ಲಿಯೇ, ಇಂತಹ ಹೆಡ್‌ಫೋನಿಗೆ ಪ್ರತ್ಯೇಕವಾದ ಆಂಪ್ಲಿಫೈಯರು ಇಲ್ಲದಿದ್ದರೆ ಅದರ ಯೋಗ್ಯತೆಯೇ ಹೊರಬೀಳದೆಂದು ಯಾರೋ ಹೇಳಿದರು. ಅದನ್ನೂ ಕೊಂಡನು. ಮೊದಲನೆಯ ಸಂಜೆಯೇ ಅವನಿಗೆ ತೆರೆಯೊಂದು ಸರಿದಂತಾಯಿತು. ಸ್ವರಗಳು ಬಿಡಿಬಿಡಿಯಾಗಿ, ಗಾಯಕನ ಉಸಿರಿನ ಎಳೆಯೂ ಸಹ ಕೇಳಿಸಿತು ಎಂದು ಅವನು ಮಿತ್ರರಲ್ಲಿ ಹೇಳಿಕೊಂಡನು.

ಇಲ್ಲಿ ಯಂತ್ರಗಳ ಕೆಲಸವನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ. ಲ್ಯಾಪ್‌ಟಾಪಿನಲ್ಲಿ ಸಂಗೀತವು ಅಂಕಿಗಳ ರೂಪದಲ್ಲಿರುತ್ತದೆ. ೧೯೮೨ರಲ್ಲಿ ಮಾರಾಟಕ್ಕೆ ಬಂದ ಸಿ.ಡಿ. ತಟ್ಟೆಯ ಕ್ರಮದಲ್ಲಾದರೆ ಒಂದು ಸೆಕೆಂಡಿಗೆ ೪೪,೧೦೦ ಸಲ ಧ್ವನಿಯ ಎತ್ತರವನ್ನು ಅಳೆದು ಬರೆದಿರುತ್ತಾರೆ. ಆ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡುವುದು ಡಿ.ಎ.ಸಿ. ಎಂಬ ಪರಿವರ್ತಕದ ಕೆಲಸ. ಆ ಅಲೆಗೆ ಬಲಕೊಡುವುದು ಆಂಪ್ಲಿಫೈಯರಿನ ಕೆಲಸ. ಬಲಗೊಂಡ ಅಲೆಯನ್ನು ಗಾಳಿಯ ಕಂಪನವಾಗಿ ಮಾಡುವುದು ಹೆಡ್‌ಫೋನಿನ ಕೆಲಸ. ಮೊದಲಿನ ಎರಡೂ ಪ್ರತಿಯೊಂದು ಲ್ಯಾಪ್‌ಟಾಪಿನ ಒಳಗೆ ಚಿಕ್ಕ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಇರುವುದು ಸಾಲದೇ ಎಂಬುದೊಂದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವು ಲೆಕ್ಕದಲ್ಲಿದೆ. ಹೆಡ್‌ಫೋನುಗಳು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಓಮ್ ಎಂಬ ಮಾನದಿಂದ ಅಳೆಯುತ್ತಾರೆ. ಸಾಮಾನ್ಯವಾದವುಗಳದು ೩೨ ಓಮಿನ ಸುತ್ತಮುತ್ತ ಇರುತ್ತದೆ, ಕೆಲವು ಹೆಸರಾಂತ ಹೆಡ್‌ಫೋನುಗಳದು ೩೦೦ ಓಮ್ ಇರುತ್ತದೆ. ಒಂದು ಮಿಲಿವಾಟ್ ಶಕ್ತಿಗೆ ೯೭ ಡೆಸಿಬಲ್ ಸದ್ದು ಮಾಡುವ ೩೦೦ ಓಮಿನ ಹೆಡ್‌ಫೋನನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಲ್ಯಾಪ್‌ಟಾಪಿನ ಕಿಂಡಿಯಿಂದ ಒಂದು ವೋಲ್ಟ್ ಬಂದರೆ ಅದಕ್ಕೆ ದೊರೆಯುವ ಶಕ್ತಿ ಸುಮಾರು ೩.೩ ಮಿಲಿವಾಟ್, ಅದರಿಂದ ಹುಟ್ಟುವ ಸದ್ದು ಸುಮಾರು ೧೦೨ ಡೆಸಿಬಲ್. ಇದು ಗಾಯನದ ಅತ್ಯುಚ್ಚ ಶಿಖರದಲ್ಲಿ ಮುಟ್ಟಬಹುದಾದ ಎಲ್ಲೆ. ಗಾಯನದ ಸರಾಸರಿ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಶಾಂತವಾದ ಮನೆಯಲ್ಲಿ ಖಯಾಲನ್ನು ಕೇಳುವವನಿಗೆ ಇಷ್ಟು ಬಹುಮಟ್ಟಿಗೆ ಸಾಕು. ಮಿತವಾದ ಮಟ್ಟದಲ್ಲಿ ಮುದ್ರಿಸಿದ ಕೆಲವು ಹಳೆಯ ಕಛೇರಿಗಳಿಗೆ ಮಾತ್ರ ಇನ್ನೂ ಸ್ವಲ್ಪ ಬಲ ಬೇಕಾಗಬಹುದು.

ಪ್ರತ್ಯೇಕವಾದ ಯಂತ್ರವು ನಿಜವಾಗಿ ಬೇಕಾಗುವ ಸಂದರ್ಭಗಳೂ ಉಂಟು. ಸದ್ದನ್ನು ಪೂರ್ತಿ ಏರಿಸಿದರೂ ಸಾಲದಿದ್ದರೆ ಒಂದು. ಲ್ಯಾಪ್‌ಟಾಪಿನ ಒಳಗಿನ ಗೊರಗೊರ ಸದ್ದು ಕಿವಿಗೆ ಬೀಳುತ್ತಿದ್ದರೆ ಎರಡು. ಲ್ಯಾಪ್‌ಟಾಪಿನ ಕಿಂಡಿಯ ಸ್ವಂತ ತಡೆಯು ಹೆಡ್‌ಫೋನಿನ ತಡೆಯ ಎಂಟರಲ್ಲೊಂದು ಪಾಲಿಗಿಂತ ಹೆಚ್ಚಾಗಿದ್ದರೆ ಮೂರು, ಏಕೆಂದರೆ ಆಗ ಕೆಲವು ಹೆಡ್‌ಫೋನುಗಳಲ್ಲಿ ಮಂದ್ರಸ್ವರಗಳ ಮತ್ತು ತಾರಸ್ವರಗಳ ತೂಕವು ಏರುಪೇರಾಗುತ್ತದೆ. ಈ ಮೂರೂ ಇಲ್ಲದಿದ್ದಲ್ಲಿ ಹೊಸ ಆಂಪ್ಲಿಫೈಯರಿಗೆ ಮಾಡಲು ಉಳಿದಿರುವ ಕೆಲಸ ಬಹಳ ಕಡಿಮೆ.

ಹಾಗಾದರೆ ಗೃಹಸ್ಥನಿಗೆ ತೆರೆ ಸರಿದಂತಾದುದು ಸುಳ್ಳೆ?

೩

ಸುಳ್ಳು ಎನ್ನುವುದಕ್ಕೆ ಮೊದಲು ಪ್ರತ್ಯಕ್ಷದ ಸ್ವರೂಪವನ್ನು ನೋಡಬೇಕು. ನ್ಯಾಯಶಾಸ್ತ್ರವು ಪ್ರತ್ಯಕ್ಷವೆಂಬ ಹೆಸರನ್ನು ಎಲ್ಲ ಇಂದ್ರಿಯಜ್ಞಾನಕ್ಕೂ ಕೊಡುವುದಿಲ್ಲ. ಅದು ಅವ್ಯಭಿಚಾರಿಯಾಗಿರಬೇಕು, ಎಂದರೆ ತಪ್ಪದೆ ವಸ್ತುವನ್ನೇ ಅನುಸರಿಸುವಂತಹುದಾಗಿರಬೇಕು ಎಂದು ಕಟ್ಟುಮಾಡುತ್ತದೆ. ಕಿವಿಯು ಈ ಪರೀಕ್ಷೆಯಲ್ಲಿ ಎರಡು ಕಡೆ ಎಡವುತ್ತದೆ. ಮೊದಲನೆಯದು, ಒಂದೇ ಗಾಯನವನ್ನು ಅರ್ಧ ಡೆಸಿಬಲ್ಲಿನಷ್ಟು ಜೋರಾಗಿ ಕೇಳಿಸಿದರೆ ಕೇಳುವವನಿಗೆ ಅದು ಜೋರೆಂದು ತೋರುವುದಿಲ್ಲ, ಹೆಚ್ಚು ಸ್ಪಷ್ಟವೆಂದು ತೋರುತ್ತದೆ. ಹೊಸ ಆಂಪ್ಲಿಫೈಯರನ್ನು ಹಚ್ಚಿದವನು ಬಹುಶಃ ಹಿಂದಿಗಿಂತ ಒಂದಿಷ್ಟು ಜೋರಾಗಿಯೇ ಕೇಳುತ್ತಾನೆ. ಎರಡನೆಯದು, ಯಾವ ಯಂತ್ರವು ನುಡಿಯುತ್ತಿದೆಯೆಂದು ಗೊತ್ತಿದ್ದಾಗ ಕಿವಿಗಿಂತ ಮೊದಲೇ ಮನಸ್ಸು ತೀರ್ಪನ್ನು ಬರೆದಿಟ್ಟಿರುತ್ತದೆ. ಹೊಸ ಯಂತ್ರದಿಂದ ಹೊಸದನ್ನು ನಿರೀಕ್ಷಿಸಿ ಕುಳಿತವನು ಹೆಚ್ಚು ಗಮನವಿಟ್ಟು ಕೇಳುತ್ತಾನೆ, ಗಮನವಿಟ್ಟು ಕೇಳಿದವನಿಗೆ ಹಿಂದೆ ಕೇಳದ ಎಳೆಗಳು ಕೇಳುತ್ತವೆ. ಗಾಯಕನ ಉಸಿರು ಹಳೆಯ ಯಂತ್ರದಲ್ಲಿಯೂ ಇದ್ದಿತು. ಇಲ್ಲದಿದ್ದುದು ಆ ಗಮನ.

ಈ ಎರಡು ದೋಷಗಳನ್ನೂ ಕಳೆಯುವ ವಿಧಾನವೊಂದಿದೆ. ೧೯೫೦ರಲ್ಲಿ ಮನ್ಸನ್ ಮತ್ತು ಗಾರ್ಡ್‌ನರ್ ಎಂಬ ಇಬ್ಬರು ವಿಜ್ಞಾನಿಗಳು ಅದನ್ನು ವಿವರಿಸಿದರು. ಎರಡು ಧ್ವನಿಗಳನ್ನು ಒಂದಾದಮೇಲೊಂದರಂತೆ ಕೇಳಿಸಿ, ಆಮೇಲೆ ಅವೆರಡರಲ್ಲಿ ಒಂದನ್ನು ಹೆಸರು ಹೇಳದೆ ಕೇಳಿಸಿ, ಅದು ಯಾವುದೆಂದು ಕೇಳುಗನು ಹೇಳುವಂತೆ ಮಾಡುವುದು. ಎರಡರ ಸದ್ದನ್ನೂ ಮೊದಲೇ ಮೀಟರಿನಿಂದ ಅಳೆದು ಸಮಮಾಡಿರಬೇಕು.

ಕಲ್ಪಿತ ಗೃಹಸ್ಥನ ಮಗಳು ವಿಜ್ಞಾನದ ವಿದ್ಯಾರ್ಥಿನಿಯೆಂದು ಭಾವಿಸಬಹುದು. ತಂದೆಯ ವರ್ಣನೆಯನ್ನು ಕೇಳಿ ಕೇಳಿ ಒಂದು ಭಾನುವಾರ ಅವಳು, "ಅಪ್ಪಾ, ಬೆನ್ನುಹಾಕಿ ಕೂತು ಹೇಳುತ್ತೀರಾ, ಯಾವುದು ಯಾವುದು ಅಂತ?" ಎಂದು ಕೇಳಿದಳು. ಅವನು ನಗುತ್ತಲೇ ಒಪ್ಪಿದನು. ಹತ್ತು ಸಲ ಅವಳು ತಂತಿಯನ್ನು ಲ್ಯಾಪ್‌ಟಾಪಿಗೋ ಆಂಪ್ಲಿಫೈಯರಿಗೋ ಹಚ್ಚಿದಳು. ಮೊದಲನೆಯ ಎರಡು ಸಲ ಅವನು ತಡೆಯಿಲ್ಲದೆ ಹೇಳಿದನು. ಮೂರನೆಯ ಸಲ ಸ್ವಲ್ಪ ಯೋಚಿಸಿದನು. ಏಳನೆಯ ಸಲಕ್ಕೆ ಬರುವ ಹೊತ್ತಿಗೆ ಅವನು ಕೇಳುತ್ತಿದ್ದುದು ಗಾಯನವನ್ನಲ್ಲ, ಮಗಳ ಕೈಬಳೆಯ ಸದ್ದಿನಿಂದ ಏನಾದರೂ ಗೊತ್ತಾದೀತೇ ಎಂದು. ಹತ್ತರಲ್ಲಿ ಆರು ಸರಿಯಾದುವು.

ಆರು ಐದಕ್ಕಿಂತ ಹೆಚ್ಚಲ್ಲವೆ ಎಂದು ಅವನ ಮನಸ್ಸು ಥಟ್ಟನೆ ಹೇಳಿತು. ಆದರೆ ನಾಣ್ಯವನ್ನು ಹತ್ತು ಸಲ ಚಿಮ್ಮಿ ಊಹೆಮಾಡುವವನಿಗೂ ೧೦೨೪ರಲ್ಲಿ ೩೮೬ ಪಾಲು ಆರು ಅಥವಾ ಹೆಚ್ಚು ಸರಿಬೀಳುತ್ತವೆ. ಒಂಬತ್ತು ಅಥವಾ ಹತ್ತು ಸರಿಬೀಳುವುದು ಮಾತ್ರ ೧೦೨೪ರಲ್ಲಿ ೧೧ ಪಾಲು. ಹಾಗೆ ಆಗಿದ್ದರೆ ಅವನ ಕಿವಿಗೆ ನಮಸ್ಕಾರ ಮಾಡಬಹುದಾಗಿತ್ತು. ಆರರಿಂದ ಸಿದ್ಧವಾಗುವುದು ಇಷ್ಟೇ: ಭೇದವು ಇರಬಹುದು, ಇಲ್ಲದಿರಬಹುದು, ಆದರೆ ಅವನು ಮಿತ್ರರಲ್ಲಿ ವರ್ಣಿಸಿದಂತಹ ತೆರೆಸರಿದ ಭೇದವಂತೂ ಅಲ್ಲ. ತೆರೆ ಸರಿದಿದ್ದರೆ ಬೆನ್ನುಹಾಕಿದವನಿಗೂ ಕಾಣದಿರದು.

೪

ಒಬ್ಬನ ಕಿವಿಯಿಂದ ಶಾಸ್ತ್ರವಾಗುವುದಿಲ್ಲ. ಆದುದರಿಂದ ಬಹುಜನರ ಪರೀಕ್ಷೆಗಳು ಏನು ಹೇಳುತ್ತವೆಂದು ನೋಡಬೇಕು. ಸಿ.ಡಿ.ಗಿಂತ ಸೂಕ್ಷ್ಮವಾಗಿ ಮುದ್ರಿಸಿದ ಧ್ವನಿಯನ್ನು ನೇರವಾಗಿಯೂ, ಸಿ.ಡಿ.ಯ ಮಟ್ಟಕ್ಕೆ ಇಳಿಸಿಯೂ ಕೇಳಿಸಿ ನಡೆಸಿದ ಒಂದು ಪರೀಕ್ಷೆಯ ವರದಿ ಅಮೆರಿಕದಿಂದ ೨೦೦೭ರಲ್ಲಿ ಪ್ರಕಟವಾಯಿತು. ೫೫೪ ಸಲದಲ್ಲಿ ಕೇಳುಗರು ಸರಿಯಾಗಿ ಗುರುತಿಸಿದುದು ೨೭೬ ಸಲ, ಎಂದರೆ ನಾಣ್ಯವನ್ನು ಚಿಮ್ಮಿದಂತೆಯೇ. ಆ ಪರೀಕ್ಷೆಯಲ್ಲಿ ಬಳಸಿದ ಮುದ್ರಣಗಳ ಬಗ್ಗೆ ಆಕ್ಷೇಪಗಳು ಬಂದುವು. ೨೦೧೬ರಲ್ಲಿ ಲಂಡನ್ನಿನ ವಿದ್ವಾಂಸರೊಬ್ಬರು ಇಂತಹ ೧೮ ಪ್ರಯೋಗಗಳ ಹನ್ನೆರಡು ಸಾವಿರಕ್ಕೂ ಮಿಕ್ಕ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರಗಳು ಶೇಕಡಾ ೫೨.೩ ಎಂದು ಕಂಡಿತು. ವಿಶೇಷವಾದ ತರಬೇತಿಯನ್ನು ಪಡೆದವರಲ್ಲಿ ಅದು ಇನ್ನೂ ಹೆಚ್ಚಾಗಿತ್ತು. ಎಂದರೆ ಭೇದವು ಸಂಪೂರ್ಣವಾಗಿ ಶೂನ್ಯವೆನ್ನುವವನೂ ಪೂರ್ಣ ಸತ್ಯವನ್ನು ಹೇಳುತ್ತಿಲ್ಲ, ಆಕಾಶಭೂಮಿಯಷ್ಟೆನ್ನುವವನು ಸತ್ಯದಿಂದ ಬಹುದೂರ ಹೋಗಿದ್ದಾನೆ.

ಹೆಡ್‌ಫೋನುಗಳ ವಿಷಯವು ಬೇರೆ. ಒಂದು ಹೆಡ್‌ಫೋನಿಗೂ ಇನ್ನೊಂದಕ್ಕೂ ಇರುವ ಭೇದವು ಯಾವ ಕಿವಿಗಾದರೂ ತಿಳಿಯುವಷ್ಟು ದೊಡ್ಡದು. ಒಂದರಲ್ಲಿ ತಬಲದ ಬಾಯಾ ಗುಮ್ಮೆನ್ನುತ್ತದೆ, ಇನ್ನೊಂದರಲ್ಲಿ ಹಾರ್ಮೋನಿಯಮ್ಮು ಚುಚ್ಚುತ್ತದೆ. ಆದರೆ ಇಲ್ಲಿಯೂ ಒಂದು ಮಾತನ್ನು ನೆನಪಿನಲ್ಲಿಡಬೇಕು. ೨೦೧೭ರಲ್ಲಿ ಬ್ರೀಬಾರ್ಟ್ ಎಂಬುವರು ೨೮೩ ಹೆಡ್‌ಫೋನುಗಳ ಸ್ವರಸಮತೆಯನ್ನು ಅವುಗಳ ಬೆಲೆಯೊಡನೆ ಹೋಲಿಸಿ ನೋಡಿ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಕಾಣಲಿಲ್ಲವೆಂದು ಪ್ರಕಟಿಸಿದರು. ಬೆಲೆಯು ಚರ್ಮದ ಮೆತ್ತೆಗೂ ಲೋಹದ ಹೊಳಪಿಗೂ ಹೆಸರಿಗೂ ಸಲ್ಲುತ್ತಿರಬಹುದು, ಸ್ವರದ ಸಮತೆಗೆ ಸಲ್ಲುತ್ತದೆಯೆಂಬ ಭರವಸೆಯಿಲ್ಲ. ಅದರಿಂದ ಕೊಳ್ಳುವವನು ಹಣದ ಬಹುಭಾಗವನ್ನು ಹೆಡ್‌ಫೋನಿಗೆ ಇಡುವುದು ಯುಕ್ತ, ಹೆಚ್ಚು ಬೆಲೆಯದನ್ನೇ ಆರಿಸುವುದು ಯುಕ್ತವಲ್ಲ. ತಲೆಗೆ ಒತ್ತದಂತಹುದನ್ನು, ತನಗೆ ಚೆನ್ನಾಗಿ ಗೊತ್ತಿರುವ ಗಾಯನದಿಂದ ಪರೀಕ್ಷಿಸಿ ಆರಿಸಿಕೊಳ್ಳಬೇಕು. ಆಂಪ್ಲಿಫೈಯರಿನ ಯೋಚನೆಯನ್ನು, ಸದ್ದು ಸಾಲದೆಂದು ತಿಳಿದಮೇಲೆ ಮಾಡಿದರೆ ಸಾಕು.

೫

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ, ಅದು ಬಲವಾದುದೇ. ಸಂತೋಷವು ಸಂತೋಷವೇ, ಅದರ ಮೂಲವು ಯಂತ್ರದಲ್ಲಿದ್ದರೇನು, ಮನಸ್ಸಿನಲ್ಲಿದ್ದರೇನು? ಗೃಹಸ್ಥನು ತನ್ನ ಹಣದಿಂದ ಕೊಂಡಿದ್ದಾನೆ, ಯಾರಿಗೂ ಕೇಡು ಮಾಡಿಲ್ಲ. ಹೊಸ ಯಂತ್ರದ ನೆಪದಿಂದಲಾದರೂ ಅವನು ಗಮನವಿಟ್ಟು ಕೇಳಿದನು. ಆ ಗಮನವೇ ಲಾಭವಲ್ಲವೆ? ಬೆಳ್ಳಿಯ ಲೋಟದಲ್ಲಿ ಕುಡಿದ ಹಾಲು ರುಚಿಯೆಂದು ತೃಪ್ತಿಪಡುವವನನ್ನು ಕೂರಿಸಿ ಪರೀಕ್ಷೆಮಾಡುವುದು ರಸಹೀನತೆಯಲ್ಲವೆ?

ಈ ವಾದದಲ್ಲಿ ಸತ್ಯಾಂಶವಿದೆ. ಅನುಭವದ ಹಿತವು ವಸ್ತುವಿನಿಂದ ಮಾತ್ರ ಬರತಕ್ಕುದಲ್ಲ. ದೇವರ ಮುಂದೆ ಹಚ್ಚಿದ ದೀಪಕ್ಕೂ ಪಡಸಾಲೆಯ ದೀಪಕ್ಕೂ ಬೆಳಕಿನ ಅಳತೆಯಲ್ಲಿ ಭೇದವಿಲ್ಲದಿರಬಹುದು, ಮನಸ್ಸಿನಲ್ಲಿ ಉಂಟು. ಗೃಹಸ್ಥನು ಆ ಯಂತ್ರದ ಗುಂಡಿಯನ್ನು ತಿರುಗಿಸಿ ಕುಳಿತುಕೊಳ್ಳುವುದನ್ನು ಒಂದು ಸಂಧ್ಯಾಕ್ರಮವಾಗಿ ಮಾಡಿಕೊಂಡಿದ್ದರೆ, ಅದರಿಂದ ಅವನ ಮನಸ್ಸು ಕೇಳುವುದಕ್ಕೆ ಅಣಿಯಾಗುತ್ತಿದ್ದರೆ, ಅದನ್ನು ಕಿತ್ತೊಗೆಯಬೇಕೆಂದು ಯಾವ ನೀತಿಯೂ ಹೇಳುವುದಿಲ್ಲ. ತಿಳಿದು ಇಟ್ಟುಕೊಂಡ ಭೋಗಕ್ಕೆ ದೋಷವಿಲ್ಲ.

ದೋಷವಿರುವುದು ತಿಳಿಯಲೊಲ್ಲದಿರುವುದರಲ್ಲಿ. ತಪ್ಪು ನಂಬಿಕೆಯ ಮೇಲೆ ನಿಂತ ಸಂತೋಷಕ್ಕೆ ನೆಲೆಯಿಲ್ಲ. ಇಂದು ಈ ಯಂತ್ರದಿಂದ ತೆರೆ ಸರಿಯಿತೆಂದು ನಂಬಿದವನು, ನಾಳೆ ಇನ್ನೊಂದು ಯಂತ್ರದಿಂದ ಮತ್ತೊಂದು ತೆರೆ ಸರಿಯಬಹುದೆಂದು ನಂಬಲೇಬೇಕಾಗುತ್ತದೆ. ಆಗ ತನ್ನಲ್ಲಿರುವುದು ಮಸಕಾಗಿ ಕೇಳಿಸತೊಡಗುತ್ತದೆ. ಹಿಂದಿನ ದಿನ ಪೂರ್ಣವಾಗಿದ್ದ ಗಾಯನವು ಒಬ್ಬನ ವರ್ಣನೆಯಿಂದ ಅಪೂರ್ಣವಾಗುತ್ತದೆ. ಅಂಗಡಿಯವನು ಮಾರುವ ಸರಕುಗಳಲ್ಲಿ ಯಂತ್ರವು ಎರಡನೆಯದು, ಮೊದಲು ಅವನು ಮಾರುವುದು ಸಂಶಯವನ್ನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯು ಹಣದ ವಿಷಯದಲ್ಲಿ ಹೇಳಿದುದಾದರೂ ಆಸೆಯ ವಿಷಯಕ್ಕೂ ಸಲ್ಲುತ್ತದೆ. ಆದರೆ ಹಾಸಿಗೆಯ ಉದ್ದವನ್ನು ತಿಳಿಯಲು ಅದನ್ನು ಅಳೆಯಲೇಬೇಕು.

ಇನ್ನೂ ಮುಖ್ಯವಾದ ದೋಷವೊಂದುಂಟು. ಸಂತೋಷವು ಸ್ವಂತದ್ದಾದರೂ ಅದನ್ನು ಕುರಿತ ಮಾತು ಸ್ವಂತದ್ದಲ್ಲ. ಗೃಹಸ್ಥನ ಹಳೆಯ ಸಹೋದ್ಯೋಗಿಯೊಬ್ಬನು, ಅವನಿಗಿಂತ ಬಡವ, ಅವನ ವರ್ಣನೆಯನ್ನು ಕೇಳಿ ತಾನೂ ಆ ಆಂಪ್ಲಿಫೈಯರನ್ನು ಕೊಳ್ಳಬೇಕೆಂದು ಹಣ ಕೂಡಿಸುತ್ತಿದ್ದನು. ಭಾನುವಾರದ ಪರೀಕ್ಷೆಯಾದ ಮರುದಿನವೇ ಅವನು ಬಂದು, ಕೊಳ್ಳಲೇ ಎಂದು ಕೇಳಿದನೆಂದು ಭಾವಿಸಬಹುದು. ಈ ಕ್ಷಣದಲ್ಲಿ ಹೆಡ್‌ಫೋನಿನ ಪ್ರಶ್ನೆಯು ಧರ್ಮದ ಪ್ರಶ್ನೆಯಾಗುತ್ತದೆ.

ಶಬ್ದವು ಪ್ರಮಾಣವಾಗುವುದು ಆಪ್ತನ ಬಾಯಿಂದ ಬಂದಾಗ ಮಾತ್ರ. ಆಪ್ತನು ಯಾರೆಂಬುದಕ್ಕೆ ನ್ಯಾಯಭಾಷ್ಯವನ್ನು ಬರೆದ ವಾತ್ಸ್ಯಾಯನನು ಕುಲವನ್ನೂ ಪಾಂಡಿತ್ಯವನ್ನೂ ಲಕ್ಷಣವಾಗಿ ಹೇಳಿಲ್ಲ. ವಸ್ತುವನ್ನು ಸಾಕ್ಷಾತ್ತಾಗಿ ಅರಿತವನು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಗೃಹಸ್ಥನು ಮೊದಲು ವರ್ಣಿಸಿದಾಗ ಸುಳ್ಳಾಡಿರಲಿಲ್ಲ. ತಿಳಿದಂತೆಯೇ ಹೇಳಿದ್ದನು, ತಿಳಿದುದೇ ತಪ್ಪಾಗಿತ್ತು. ಈಗ ಹೇಳದೆ ಇದ್ದರೆ ಮಾತ್ರ ಅದು ಬೇರೆಯಾಗುತ್ತದೆ. ಹೇಳಿದರೆ ತಾನು ಮೋಸಹೋದೆನೆಂದು ಒಪ್ಪಬೇಕು, ತನ್ನ ಸೂಕ್ಷ್ಮವಾದ ಕಿವಿಯೆಂಬ ಹೆಸರನ್ನು ಬಿಟ್ಟುಕೊಡಬೇಕು. ಹೇಳದಿದ್ದರೆ ಬಡಮಿತ್ರನ ಹಣವು ಹೋಗುತ್ತದೆ, ಅದೂ ಮಿತ್ರನಿಗೆ ಗೊತ್ತಾಗದಂತೆ. ಏಕೆಂದರೆ ಅವನೂ ಕೊಂಡಮೇಲೆ ತೆರೆ ಸರಿಯಿತೆಂದೇ ಹೇಳುವನು, ಅವನ ಮಾತನ್ನು ನಂಬಿ ಮೂರನೆಯವನು ಕೊಳ್ಳುವನು. ಯಾರೂ ಸುಳ್ಳಾಡದೆ ಸುಳ್ಳು ಬೆಳೆಯುವ ಬಗೆ ಇದು. ಇದನ್ನು ಎಲ್ಲಿಯಾದರೂ ಒಬ್ಬನು ತಡೆಯಬೇಕಾದರೆ ತನ್ನ ಮಾನದಲ್ಲಿ ಒಂದಂಶವನ್ನು ಕಳೆದುಕೊಳ್ಳಲು ಸಿದ್ಧನಿರಬೇಕು.

ಹಾಗೆ ಸಿದ್ಧವಾಗಿದ್ದ ಒಬ್ಬನ ವೃತ್ತಾಂತವು ಈ ಕ್ಷೇತ್ರದಲ್ಲಿಯೇ ಉಂಟು. ೨೦೧೧ರಲ್ಲಿ ಹೆಸರನ್ನು ಮರೆಮಾಡಿ ಬರೆಯುತ್ತಿದ್ದ ಇಂಜಿನಿಯರನೊಬ್ಬನು ಅಂತರ್ಜಾಲದಲ್ಲಿ ಹೆಡ್‌ಫೋನ್ ಆಂಪ್ಲಿಫೈಯರುಗಳನ್ನು ಅಳೆದು ಅಂಕಿಗಳನ್ನು ಪ್ರಕಟಿಸತೊಡಗಿದನು. ಬೆಲೆಬಾಳುವ ಕೆಲವು ಯಂತ್ರಗಳು ಅಳತೆಯಲ್ಲಿ ಕೀಳಾಗಿರುವುದನ್ನು ತೋರಿಸಿದನು. ತೋರಿಸಿ ಸುಮ್ಮನಾಗದೆ, ಅಗ್ಗವಾದ ಸಾಮಗ್ರಿಗಳಿಂದ ಮಾಡಬಹುದಾದ ಓ೨ ಎಂಬ ಆಂಪ್ಲಿಫೈಯರಿನ ನಕ್ಷೆಯನ್ನು ತಾನೇ ರಚಿಸಿ, ಬದಲಾಯಿಸದೆ ಯಾರು ಬೇಕಾದರೂ ಮಾಡಿ ಮಾರಬಹುದೆಂದು ಲೋಕಕ್ಕೆ ಕೊಟ್ಟುಬಿಟ್ಟನು. ೨೦೧೨ರಲ್ಲಿ ಅವನ ಬರಹವು ನಿಂತುಹೋಯಿತು. ಅವನು ಮಾಡಿದ ಯಂತ್ರವು ಇಂದಿಗೂ ಮನೆಗಳಲ್ಲಿ ನುಡಿಯುತ್ತಿದೆ. ತನ್ನ ಮಾತನ್ನು ತನ್ನ ಹೆಸರಿನಿಂದ ನಂಬಬೇಡಿ, ಅಳೆದು ನೋಡಿ ನಂಬಿ ಎಂಬುದು ಅವನ ನಡತೆಯ ಅರ್ಥ. ಆಪ್ತತೆಗೆ ಹೆಸರೂ ಅವಶ್ಯವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಅಳತೆಯವರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಅಳೆಯಬಲ್ಲವನಿಗೆ ನಂಬುವವನನ್ನು ಕಂಡರೆ ತಿರಸ್ಕಾರ ಹುಟ್ಟುವುದು ಸುಲಭ. ಮಗಳು ಆರರ ಅರ್ಥವನ್ನು ತಂದೆಗೆ ಹೇಳಿದಾಗ ನಗೆಯಾಡಿದ್ದರೆ ಅವನು ಲೆಕ್ಕವನ್ನು ಬಿಟ್ಟು ಮಾನವನ್ನೇ ಹಿಡಿದುಕೊಳ್ಳುತ್ತಿದ್ದನು. ಸತ್ಯವನ್ನು ಕೇಳುವವನಿಗೆ ಅದನ್ನು ಒಪ್ಪಿಕೊಳ್ಳಲು ಎಡೆಯಿರುವಂತೆ ಹೇಳುವುದೂ ಆಪ್ತಲಕ್ಷಣದಲ್ಲಿಯೇ ಸೇರತಕ್ಕದ್ದು.

೬

ಯಾವ ಯಂತ್ರವನ್ನು ಆರಿಸಿದರೂ ಹೆಡ್‌ಫೋನಿನಲ್ಲಿ ಉಳಿಯುವ ಪ್ರಶ್ನೆಯೊಂದಿದೆ. ಅದು ಕಿವಿಯನ್ನು ಸಂಗೀತಕ್ಕೆ ತೆರೆಯುವಾಗಲೇ ಮನೆಗೆ ಮುಚ್ಚುತ್ತದೆ. ಹೆಂಡತಿ ಎರಡು ಸಲ ಕರೆದುದು, ಬಾಗಿಲಲ್ಲಿ ಯಾರೋ ಬಂದುದು, ಮಗಳು ಏನನ್ನೋ ಕೇಳಲು ಬಂದು ಹಿಂದಿರುಗಿದುದು ಅವನಿಗೆ ತಿಳಿಯುವುದಿಲ್ಲ. ಹಿಂದುಗಡೆ ತೆರೆದಿರುವ ಬಗೆಯ ಹೆಡ್‌ಫೋನುಗಳಲ್ಲಿ ಹೊರಗಿನ ಸದ್ದು ಒಳಗೆ ಬರುತ್ತದೆ, ಒಳಗಿನದೂ ಹೊರಗೆ ಹೋಗುತ್ತದೆ. ಮುಚ್ಚಿದ ಬಗೆಯವುಗಳಲ್ಲಿ ಎರಡೂ ತಡೆಯುತ್ತವೆ. ಅಂಗಡಿಯಲ್ಲಿ ಇದನ್ನು ಧ್ವನಿಯ ಗುಣದ ವಿಷಯವಾಗಿ ಹೇಳುತ್ತಾರೆ. ಮನೆಯಲ್ಲಿ ಇದು ಯಾರು ಯಾರನ್ನು ಎಷ್ಟು ಸಹಿಸಬೇಕೆಂಬ ವಿಷಯ.

ಈ ಶಂಕೆಯು ಹೊಸದಲ್ಲ. ಜಪಾನಿನ ಸೋನಿ ಸಂಸ್ಥೆಯು ೧೯೭೯ರಲ್ಲಿ ವಾಕ್‌ಮನ್ ಎಂಬ ಕಿರಿಯ ಯಂತ್ರವನ್ನು ಹೊರತಂದಾಗ, ಒಬ್ಬನೇ ಕಿವಿಮುಚ್ಚಿ ಕೇಳುವುದು ಅವಿನಯವೆಂದು ಅದರ ಮುಖ್ಯಸ್ಥರಾದ ಅಕಿಯೊ ಮೊರಿಟರಿಗೆ ತೋರಿತು. ಆದುದರಿಂದ ಆ ಮೊದಲ ಯಂತ್ರದಲ್ಲಿ ಇಬ್ಬರು ಕೇಳಲು ಎರಡು ಕಿಂಡಿಗಳನ್ನೂ, ಗಾಯನವನ್ನು ತಗ್ಗಿಸಿ ಒಬ್ಬರೊಡನೊಬ್ಬರು ಮಾತನಾಡಲು ಒಂದು ಗುಂಡಿಯನ್ನೂ ಇರಿಸಿದರು. ಕೊಂಡವರು ಎರಡನೆಯ ಕಿಂಡಿಯನ್ನು ಅಷ್ಟಾಗಿ ಬಳಸಲಿಲ್ಲ. ಮುಂದಿನ ಯಂತ್ರಗಳಲ್ಲಿ ಅದನ್ನು ಬಿಟ್ಟರು. ಅದಕ್ಕೂ ಹಿಂದೆ, ರೇಡಿಯೋದ ಆದಿಕಾಲದಲ್ಲಿ, ಒಂದೇ ಹೆಡ್‌ಫೋನಿದ್ದ ಮನೆಗಳಲ್ಲಿ ಅದನ್ನು ಬೋಗುಣಿಯೊಳಗಿಟ್ಟು ಸುತ್ತಲೂ ಕುಳಿತು ಕೇಳುವ ರೂಢಿಯಿದ್ದಿತು. ಮೈಸೂರಿನಲ್ಲಿ ೧೯೩೫ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಗಳು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದಾಗ ಅವರು ಬಯಸಿದುದೂ ಒಂದು ಧ್ವನಿಯು ಅನೇಕ ಮನೆಗಳಿಗೆ ಮುಟ್ಟಲೆಂದೇ. ಕೂಡಿ ಕೇಳುವುದೇ ಮೊದಲಿನ ಕ್ರಮ, ಒಬ್ಬನೇ ಕೇಳುವುದು ಅನುಕೂಲಕ್ಕಾಗಿ ಬಂದುದು.

ಅನುಕೂಲವನ್ನು ನಿಂದಿಸಬೇಕಾಗಿಲ್ಲ. ಓದುತ್ತಿರುವ ಮಗಳಿಗೆ ತೊಂದರೆಯಾಗದಿರಲೆಂದು ಹೆಡ್‌ಫೋನ್ ಹಾಕಿಕೊಂಡವನು ದಾಕ್ಷಿಣ್ಯದಿಂದಲೇ ಹಾಕಿಕೊಂಡಿದ್ದಾನೆ. ಆದರೆ ದಾಕ್ಷಿಣ್ಯದಿಂದ ಮುಚ್ಚಿದ ಕಿವಿಯು ಅಭ್ಯಾಸದಿಂದ ಮುಚ್ಚಿಯೇ ಉಳಿಯಬಾರದು. ಇದಕ್ಕೆ ದೇಹದ ಕಡೆಯಿಂದಲೂ ಒಂದು ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೇಳಿದ ಪ್ರಮಾಣದಂತೆ ವಯಸ್ಕರು ೮೦ ಡೆಸಿಬಲ್ ಸದ್ದನ್ನು ವಾರಕ್ಕೆ ೪೦ ಗಂಟೆ ಕೇಳಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಕಾಲವು ಅರ್ಧವಾಗಬೇಕು. ಆ ಲೆಕ್ಕದಿಂದ ೧೦೧ ಡೆಸಿಬಲ್ ಸದ್ದಿಗೆ ವಾರಕ್ಕೆ ಇಪ್ಪತ್ತು ನಿಮಿಷವೂ ದೊರೆಯುವುದಿಲ್ಲ. ಒಳಕಿವಿಯ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟವು. ಲ್ಯಾಪ್‌ಟಾಪಿನ ಬಲ ಸಾಲದೆಂದು ಆಂಪ್ಲಿಫೈಯರನ್ನು ಕೊಂಡವನು ಆ ಬಲವನ್ನೆಲ್ಲ ಬಳಸಿದರೆ, ಯಾವ ಸೂಕ್ಷ್ಮವನ್ನು ಕೇಳಲೆಂದು ಕೊಂಡನೋ ಆ ಸೂಕ್ಷ್ಮವನ್ನು ಕೇಳುವ ಕಿವಿಯನ್ನೇ ಕಳೆದುಕೊಳ್ಳುವನು.

೭

ಗೌಹರ್ ಜಾನ್ ಎಂಬ ಗಾಯಕಿ ೧೯೦೨ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನಿನ ಕಹಳೆಯ ಮುಂದೆ ಹಾಡಿದಳು. ಆಗ ಮೈಕು ಇರಲಿಲ್ಲ. ಒಂದು ತಟ್ಟೆಗೆ ಹಿಡಿಯುತ್ತಿದ್ದುದು ಮೂರು ನಿಮಿಷದ ಹಾಡು. ಕಹಳೆಗೆ ಸಿಕ್ಕದ ಸ್ವರಾಂಶಗಳೆಷ್ಟೋ ಅಂದೇ ಗಾಳಿಗೆ ಹೋದುವು. ತಟ್ಟೆಗಳು ಜರ್ಮನಿಯಲ್ಲಿ ತಯಾರಾಗಬೇಕಾಗಿದ್ದುದರಿಂದ, ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಲೆಂದು ಹಾಡಿನ ಕೊನೆಯಲ್ಲಿ ಅವಳು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಕಡೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡಳು. ಆ ಹಾಡುಗಳು ಇಂದು ಲ್ಯಾಪ್‌ಟಾಪಿನಲ್ಲಿ ಸಿಕ್ಕುತ್ತವೆ. ಅವನ್ನು ಎಂತಹ ಬೆಲೆಯ ಯಂತ್ರದಿಂದ ಕೇಳಿದರೂ ತಟ್ಟೆಯ ಕರಕರ ಸದ್ದು ಹೆಚ್ಚು ಸ್ಪಷ್ಟವಾಗುವುದೇ ಹೊರತು ಕಳೆದುಹೋದ ಸ್ವರವು ಹಿಂದಿರುಗುವುದಿಲ್ಲ. ಆದರೂ ಕೇಳುವವನು ಸ್ವಲ್ಪ ಹೊತ್ತು ತಾಳಿಕೊಂಡರೆ ಕರಕರವು ಹಿಂದೆ ಸರಿಯುತ್ತದೆ, ಕಂಠವು ಮುಂದೆ ಬರುತ್ತದೆ. ಅಲ್ಲಿ ತೆರೆಯನ್ನು ಸರಿಸಿದ್ದು ಯಾವ ಯಂತ್ರವೂ ಅಲ್ಲ.

ಸಾಕು ಎಂಬುದರ ಅಳತೆಯನ್ನು ಇದರಿಂದ ಹೇಳಬಹುದಾಗಿದೆ. ಯಂತ್ರವನ್ನು ಮರೆತು ಗಾಯನವನ್ನು ಕೇಳುವುದು ಯಾವ ಮಟ್ಟದಲ್ಲಿ ಸಾಧ್ಯವಾಗುತ್ತದೆಯೋ ಅದು ಸಾಕಾದ ಮಟ್ಟ. ಅದಕ್ಕೆ ಕಡಿಮೆಯಾದುದು ಬಡತನ, ತಂಬೂರಿಯೇ ಕೇಳದ ಸ್ಪೀಕರಿನಿಂದ ತೃಪ್ತಿಪಡಬೇಕೆ‌ಂದು ಯಾರೂ ಉಪದೇಶಿಸಬೇಕಾಗಿಲ್ಲ. ಅದಕ್ಕೆ ಮಿಕ್ಕುದು ಯಂತ್ರವನ್ನು ಮತ್ತೆ ನೆನಪಿಗೆ ತರುತ್ತದೆ.

ಗೃಹಸ್ಥನು ಸೋಮವಾರ ಮಿತ್ರನಿಗೆ ಏನು ಹೇಳಿದನು? ಹೆಡ್‌ಫೋನನ್ನು ಕೊಳ್ಳು, ಆಂಪ್ಲಿಫೈಯರನ್ನು ಸದ್ಯಕ್ಕೆ ಬಿಡು, ಬೇಕೆನಿಸಿದರೆ ಇದನ್ನೇ ಒಂದು ತಿಂಗಳು ಒಯ್ದು ನೋಡು, ನಿನ್ನ ಮಗನನ್ನು ಹಿಂದೆ ನಿಲ್ಲಿಸಿಕೊಂಡು ಹತ್ತು ಸಲ ಕೇಳು, ನನಗೆ ಆರೇ ಬಂದುವು ಎಂದು ಹೇಳಿದನೆಂದು ಭಾವಿಸಬಹುದು. ಆರು ಎಂಬ ಆ ಮಾತನ್ನು ಹೇಳುವಾಗ ಅವನಿಗೆ ಸ್ವಲ್ಪ ಸಂಕೋಚವಾಗಿರಬೇಕು. ಮಿತ್ರನು ಹೋದಮೇಲೆ ಅವನು ಹೆಡ್‌ಫೋನಿನ ತಂತಿಯನ್ನು ಕಿತ್ತು, ಮಗಳ ಓದು ಮುಗಿದಿದೆಯೇ ಎಂದು ವಿಚಾರಿಸಿ, ಮನೆಯವರೆಲ್ಲ ಕೇಳುವಂತೆ ಆ ಬಡಕಲು ಸ್ಪೀಕರಿನಲ್ಲಿಯೇ ಒಂದು ಹಾಡನ್ನು ಹಾಕಿದನು. ತಂಬೂರಿ ಕೇಳಿಸಲಿಲ್ಲ. ಹೆಂಡತಿ ಒಳಗಿನಿಂದ ಬಂದು ಕುಳಿತಳು.